ಸಿಯೋಲಿನ ಸಿಹಿಯಂಗಡಿಯಲ್ಲಿ ಒಂದು ಮಧ್ಯಾಹ್ನ

ಪರದೇಶದಲ್ಲಿ ನೆಲೆಸಿದ ಮಕ್ಕಳ ಮನೆಗೆ ತಂದೆತಾಯಿಗಳು ಹೋಗಿಬರುವುದು ಈಗ ನಮ್ಮ ಸಮಾಜದ ಮನೆಮನೆಯ ಸಂಗತಿಯಾಗಿದೆ. ಹಾಗೆ ಹೋಗಿಬಂದವರು ಅಲ್ಲಿಯ ಎತ್ತರದ ಕಟ್ಟಡಗಳನ್ನೂ ರಸ್ತೆಗಳ ನೈರ್ಮಲ್ಯವನ್ನೂ ಬಾಯ್ತುಂಬ ವರ್ಣಿಸುತ್ತಾರೆ. ಊಟಕ್ಕೇನು ಮಾಡಿದಿರಿ ಎಂದು ಕೇಳಿದರೆ ಮಾತ್ರ, ಮಗಳು ಮನೆಯಲ್ಲಿಯೇ ಅಡುಗೆ ಮಾಡುತ್ತಿದ್ದಳು ಎಂದು ಚುಟುಕಾಗಿ ಹೇಳಿ ಸುಮ್ಮನಾಗುತ್ತಾರೆ. ನಾವೂ ಅಷ್ಟೇ ಹೇಳಿ ಮುಗಿಸಬಹುದಾಗಿತ್ತು. ಆದರೆ 2024ರ ಆಗಸ್ಟ್ ತಿಂಗಳಿನಲ್ಲಿ ದಕ್ಷಿಣ ಕೊರಿಯಾದ ರಾಜಧಾನಿಯಾದ ಸಿಯೋಲಿನ ಒಂದು ಹೊಸ ಬಗೆಯ ಸಿಹಿತಿಂಡಿಯ ಅಂಗಡಿಯಲ್ಲಿ ನಾವು ಕಳೆದ ಒಂದು ಮಧ್ಯಾಹ್ನವು ನಮ್ಮ ಮನೆಯೊಳಗಿನ ಒಂದು ತೊಡಕನ್ನು ಅರ್ಧದಷ್ಟಾದರೂ ಬಿಡಿಸಿತಾದ ಕಾರಣ, ಅದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವ ಮನಸ್ಸಾಯಿತು.

ನಮ್ಮ ಮಗಳು ಮತ್ತು ಅಳಿಯಂದಿರು ಸಿಯೋಲಿನ ದಕ್ಷಿಣಕ್ಕಿರುವ ಸುವೊನ್ ನಗರದಲ್ಲಿದ್ದಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಕಂಪನಿಯೇ ಅಳಿಯಂದಿರನ್ನು ಅಲ್ಲಿಗೆ ಕಳುಹಿಸಿತು. ಮೊಮ್ಮಗಳಿಗೆ ಆ ತಿಂಗಳು ಏಳು ವರ್ಷ ತುಂಬುವುದಿತ್ತು. ನಾವು ಧಾರವಾಡದಿಂದ ಹೊರಟು, ದೆಹಲಿಯಲ್ಲಿ ವಿಮಾನ ಬದಲಿಸಿ, ಇಂಚೊನ್ ನಿಲ್ದಾಣದಲ್ಲಿ ಇಳಿದು, ಗಡಿಯಾರವನ್ನು ಮೂರೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡು ಮಗಳ ಮನೆ ಸೇರಿದ ಮೂರನೆಯ ದಿನವೇ ಆ ತೊಡಕು ತಲೆದೋರಿತು.

ಮಗುವಿನ ಲಂಗದ ಅಂಚಿಗೆ ಮೆತ್ತಿದ್ದ ಬಿಳಿಯ ಕೆನೆಯೇ ಅದರ ಮೂಲ. ಸಹಪಾಠಿಯೊಬ್ಬಳ ಹುಟ್ಟುಹಬ್ಬದಲ್ಲಿ ಕೊಟ್ಟ ಕೇಕಿನ ತುಂಡು ಅದೆಂದೂ, ಅದು ಮೊದಲನೆಯದೇನೂ ಅಲ್ಲವೆಂದೂ ತಿಳಿದಾಗ ನಮ್ಮ ಮನೆಯವರ ಮುಖ ಬಾಡಿತು. "ಅಜ್ಜಿ, ಅದರಾಗ ತತ್ತಿ ಕಾಣಸೋದs ಇಲ್ಲ" ಎಂದು ಮಗು ತನ್ನ ನ್ಯಾಯ ಹೇಳಿತು. ಅವರು ಬೈಯಲಿಲ್ಲ; ಮರುಮಾತೂ ಆಡಲಿಲ್ಲ. ನಲವತ್ತು ವರ್ಷಗಳ ಸಂಸಾರದಲ್ಲಿ ಅವರ ಮೌನದ ಭಾರವನ್ನು ಬಲ್ಲ ನಮಗೆ, ಈ ಮೌನವು ಮಗುವಿನ ಮೇಲಿನದಲ್ಲ, ಮಗಳ ಮೇಲಿನದು ಎಂಬುದು ಗೊತ್ತಾಯಿತು. ರಾತ್ರಿ ಮಗಳು ಅಡುಗೆಮನೆಯಲ್ಲಿ ನಮ್ಮೊಬ್ಬರ ಮುಂದೆ, "ಅಪ್ಪಾ, ಎಲ್ಲಾರ ಎದುರಿಗೆ ಬ್ಯಾಡ ಬ್ಯಾಡ ಅಂತ ಹೇಳಿ ಹೇಳಿ ಆ ಕೂಸಿಗೆ ಸಾಕಾಗೇದ. ನನಗೂ ಸಾಕಾಗೇದ" ಎಂದು ಕಣ್ಣೊರೆಸಿಕೊಂಡಳು. ಹುಟ್ಟುಹಬ್ಬವನ್ನು ಗೆಳತಿಯರೆಲ್ಲ ಹೊಗಳುವ ಇಕ್‌ಸೊನ್‌ದೊಂಗಿನ ಒಂದು ಅಂಗಡಿಯಲ್ಲಿಯೇ ಮಾಡಬೇಕೆಂದು ಮಗುವಿನ ಹಟ. ಅಲ್ಲಿ ನಮಗೆ ಸಲ್ಲುವಂಥದು ಏನಾದರೂ ಉಂಟೇ ಎಂಬುದನ್ನು ಮೊದಲು ನಾವೇ ಹೋಗಿ ನೋಡಿ ಬರೋಣವೆಂದು ಕೊನೆಗೆ ನಿಶ್ಚಯವಾಯಿತು.

ಹೆಂಚಿನ ಮನೆಗಳ ಓಣಿ

ಸುವೊನ್‌ನಿಂದ ಒಂದನೆಯ ಸಂಖ್ಯೆಯ ರೈಲುಮಾರ್ಗವು ನೇರವಾಗಿ ಸಿಯೋಲಿನ ನಡುಮಧ್ಯಕ್ಕೆ ಹೋಗುತ್ತದೆ. ಒಂದು ಗಂಟೆಗೂ ಮಿಕ್ಕ ಪಯಣ. ಪ್ರತಿ ಡಬ್ಬಿಯ ತುದಿಯಲ್ಲಿ ವೃದ್ಧರಿಗೆಂದು ಮೀಸಲಾದ ಆಸನಗಳುಂಟು. ಡಬ್ಬಿ ಕಿಕ್ಕಿರಿದಿದ್ದರೂ ತರುಣರು ಅವುಗಳ ಮೇಲೆ ಕುಳಿತುಕೊಳ್ಳುವುದಿಲ್ಲ. 65 ವರ್ಷ ತುಂಬಿದ ಕೊರಿಯನ್ನರಿಗೆ 1984ರಿಂದಲೂ ಈ ರೈಲಿನಲ್ಲಿ ಟಿಕೆಟ್ ಇಲ್ಲ. ನಮ್ಮಂಥ ಪ್ರವಾಸಿಗರಿಗೆ ಆ ಸವಲತ್ತು ಇಲ್ಲವಾದರೂ ನಮ್ಮ ನೆರೆಗೂದಲನ್ನು ಕಂಡು ಆ ಆಸನಗಳಲ್ಲಿದ್ದ ಹಿರಿಯರೇ ಸರಿದು ಜಾಗ ಮಾಡಿಕೊಟ್ಟರು.

ಜೊಂಗ್ನೊ ಸಾಮ್‌ಗಾ ಎಂಬ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಬೆಂಕಿಯಂಥ ಬಿಸಿಲು. ಆ ವರ್ಷದ ಬೇಸಿಗೆಯು ಕೊರಿಯಾದಲ್ಲಿ 1973ರಿಂದ ಇಟ್ಟ ಲೆಕ್ಕದಲ್ಲಿ ಅಲ್ಲಿಯವರೆಗಿನ ಅತಿ ಬಿಸಿಯಾದುದೆಂದು ಆಮೇಲೆ ತಿಳಿಯಿತು. ನಿಲ್ದಾಣದಿಂದ ಕೂಗಳತೆಯಲ್ಲಿಯೇ ಇಕ್‌ಸೊನ್‌ದೊಂಗ್. ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕಾದಂಥ ಓಣಿಗಳು. ಎರಡೂ ಬದಿಗೆ ಕಪ್ಪು ಹೆಂಚಿನ ತಗ್ಗು ಮನೆಗಳು. ಹಾನೊಕ್ ಎಂದು ಕರೆಯುವ ಈ ಮನೆಗಳ ನಡುವೆ ಬಯಲು ಅಂಗಳ, ಅದರ ಸುತ್ತ ಕೋಣೆಗಳು, ಹೊರಚಾಚಿದ ಮರದ ತೊಲೆಗಳು. ಅಡುಗೆಯ ಒಲೆಯ ಬಿಸಿಯನ್ನು ನೆಲದಡಿಯಲ್ಲಿ ಹಾಯಿಸಿ ಇಡೀ ಮನೆಯನ್ನು ಬೆಚ್ಚಗಿಡುವ ಜಾಣತನವೊಂದನ್ನು ಬಿಟ್ಟರೆ, ನಮ್ಮ ಕಡೆಯ ಹಳೆಯ ತೊಟ್ಟಿಯ ಮನೆಗಳ ನೆನಪು ಬಾರದಿರದು. ಚಪ್ಪಲಿಯನ್ನು ಹೊರಗೇ ಬಿಡುವ ರೂಢಿಯೂ ಹಾಗೆಯೇ ಇದೆ.

ಈ ಓಣಿಗಳಿಗೆ ಒಂದು ಇತಿಹಾಸವುಂಟು. ಕೊರಿಯಾ ದೇಶವು ಜಪಾನಿನ ಆಳ್ವಿಕೆಯಲ್ಲಿದ್ದಾಗ, ನಗರದ ಒಳ್ಳೆಯ ಜಾಗಗಳೆಲ್ಲ ಪರರ ಪಾಲಾಗುತ್ತಿದ್ದುದನ್ನು ಕಂಡು ಜೊಂಗ್ ಸೆ-ಗ್ವೊನ್ ಎಂಬ ಗೃಹನಿರ್ಮಾಣಗಾರರು ದೊಡ್ಡ ನಿವೇಶನಗಳನ್ನು ಕೊಂಡು, ಅವುಗಳನ್ನು ಸಣ್ಣದಾಗಿ ವಿಂಗಡಿಸಿ, ಸಾಮಾನ್ಯ ಕೊರಿಯನ್ನರು ಕೊಳ್ಳಬಹುದಾದ ಮನೆಗಳನ್ನು ಸಾಲಾಗಿ ಕಟ್ಟಿಸಿದರು. ಅವರೇ ಕೊರಿಯನ್ ಭಾಷಾ ಸಂಘಕ್ಕೆ ಕಟ್ಟಡವನ್ನು ದಾನವಾಗಿ ಕೊಟ್ಟವರು. ತಾಯ್ನುಡಿಯ ನಿಘಂಟಿಗಾಗಿ ದುಡಿಯುತ್ತಿದ್ದ ಆ ಸಂಘದ ಮೇಲೆ 1942ರಲ್ಲಿ ಆಳುವವರು ಮುಗಿಬಿದ್ದಾಗ ಅವರೂ ಕಷ್ಟಕ್ಕೆ ಗುರಿಯಾದರು. ನಾಡುನುಡಿಗಳಿಗಾಗಿ ಗಳಿಕೆಯನ್ನು ಸವೆಸಿದ ಹಿರಿಯರನ್ನು ನಮ್ಮ ಧಾರವಾಡವೂ ಕಂಡಿದೆಯಾದ್ದರಿಂದ, ಆ ಗೋಡೆಗಳ ಮುಂದೆ ನಾವು ಒಂದು ಗಳಿಗೆ ನಿಂತೆವು.

2004ರಲ್ಲಿ ಈ ಮನೆಗಳನ್ನೆಲ್ಲ ಕೆಡವಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುವ ಯೋಜನೆಯಾಗಿತ್ತು. ಅದು ವರ್ಷಗಟ್ಟಲೆ ಕುಂಟಿತು. ಅಷ್ಟರಲ್ಲಿ ಕೆಲವು ತರುಣರು ಪಾಳುಬಿದ್ದ ಮನೆಗಳನ್ನು ಬಾಡಿಗೆಗೆ ಹಿಡಿದು ಚಹಾ, ಕಾಫಿಯ ಅಂಗಡಿಗಳನ್ನು ತೆರೆಯತೊಡಗಿದರು, ಜನ ಹರಿದುಬಂದಿತು. 2018ರಲ್ಲಿ ಹಳೆಯ ಯೋಜನೆಯನ್ನು ಕೈಬಿಟ್ಟು ನಗರಾಡಳಿತವು ಈ ಭಾಗವನ್ನು ಹಾನೊಕ್ ಸಂರಕ್ಷಣಾ ವಲಯವೆಂದು ಸಾರಿತು. ಹೀಗೆ ಗೋಡೆ, ಹೆಂಚುಗಳು ಉಳಿದವು. ಒಳಗಿದ್ದ ಜನರ ಮಾತನ್ನು ಮುಂದೆ ಹೇಳುತ್ತೇವೆ.

ಯಂತ್ರದ ಮುಂದೆ ನಾವು

ಮೊಮ್ಮಗಳು ಕೈಹಿಡಿದು ಕರೆದೊಯ್ದ ಅಂಗಡಿಯೂ ಅಂಥದೇ ಮನೆ. ಅಂಗಳಕ್ಕೆ ಗಾಜಿನ ಮಾಡು ಹಾಕಿ, ನಡುವೆ ಒಂದು ಬಿದಿರುಮೆಳೆಯನ್ನು ಉಳಿಸಿಕೊಂಡಿದ್ದರು. ಗೋಡೆಗೆ ಬಿಳಿಯ ಕಾಗದ, ಮರಕ್ಕೆ ಎಣ್ಣೆಯ ಹೊಳಪು, ಎಲ್ಲೆಡೆ ಮಂದ ಬೆಳಕು. ಕುಳಿತವರಲ್ಲಿ ಬಹುಪಾಲು ಇಪ್ಪತ್ತು ಇಪ್ಪತ್ತೈದರ ಹುಡುಗಿಯರು. ತಿನ್ನುವ ಮೊದಲು ಪ್ರತಿಯೊಬ್ಬರೂ ತಟ್ಟೆಯ ಚಿತ್ರ ತೆಗೆದುಕೊಳ್ಳುತ್ತಿದ್ದರು. ಗಾಜಿನ ಕಪಾಟಿನೊಳಗೆ ಹೂವಿನಂತೆ, ಕಾಯಿಯಂತೆ, ಮುದ್ದಿನ ಪ್ರಾಣಿಗಳಂತೆ ರೂಪಿಸಿದ ತಿನಿಸುಗಳು. ಒಂದೆಡೆ ಮೀನಿನ ಆಕಾರದ ತಿಂಡಿಯನ್ನು ಸಾಲಾಗಿ ಜೋಡಿಸಿದ್ದನ್ನು ಕಂಡು ನಮ್ಮ ಮನೆಯವರು ಎರಡು ಹೆಜ್ಜೆ ಹಿಂದೆ ಸರಿದರು. ಅದು ಹೆಸರಿಗೂ ಆಕಾರಕ್ಕೂ ಮಾತ್ರ ಮೀನು, ಒಳಗಿರುವುದು ಸಿಹಿಕಾಳಿನ ಹೂರಣ ಎಂದು ಮಗಳು ಹೇಳಿದಳಾದರೂ ಅವರು ಮತ್ತೆ ಅತ್ತ ನೋಡಲಿಲ್ಲ.

ಮಗಳು ಮಗುವನ್ನು ಕೈತೊಳೆಸಲು ಕರೆದೊಯ್ದಿದ್ದಾಗ, ಬೇಕಾದುದನ್ನು ನಾವೇ ಹೇಳಿಬಿಡೋಣವೆಂದು ಮುಂದಾದೆವು. ಹೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಆಳೆತ್ತರದ ಒಂದು ಯಂತ್ರ. ಅದರ ತೆರೆಯ ಮೇಲೆ ಬೆರಳೊತ್ತಿ ತಿನಿಸನ್ನು ಆರಿಸಿ, ಅಲ್ಲಿಯೇ ಹಣ ತೆರಬೇಕು. ನಾವು ಕನ್ನಡಕ ಸರಿಪಡಿಸಿಕೊಂಡು ಒಂದೊಂದೇ ಚಿತ್ರ ನೋಡುತ್ತಿರುವಷ್ಟರಲ್ಲಿ ತೆರೆಯು ತಾನಾಗಿ ಮೊದಲಿನ ಪುಟಕ್ಕೆ ಮರಳಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಬೆನ್ನ ಹಿಂದೆ ಐದಾರು ಜನ ಸರದಿಯಲ್ಲಿ ನಿಂತಿದ್ದರು. ಯಾರೂ ಗೊಣಗಲಿಲ್ಲ, ಆದರೂ ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನಮಗೆ, ಉತ್ತರ ಬಾರದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದಾಗ ಅವನಿಗೆ ಹೇಗಾಗುತ್ತಿತ್ತೆಂಬುದು ಆ ಹೊತ್ತಿನಲ್ಲಿ ಅರಿವಾಯಿತು.

ಈ ಕಷ್ಟ ಪರದೇಶದವರಾದ ನಮಗಷ್ಟೇ ಅಲ್ಲ. ಅಲ್ಲಿಯ ವೃದ್ಧರೂ ಇಂಥ ಯಂತ್ರಗಳ ಮುಂದೆ ತಬ್ಬಿಬ್ಬಾಗುವುದು ಆ ದೇಶದಲ್ಲಿ ದೊಡ್ಡ ಚರ್ಚೆಯ ವಿಷಯ. 2023ರ ಮೇ ತಿಂಗಳಲ್ಲಿ ಒಂದು ಕಾಫಿ ಅಂಗಡಿಯ ಬಾಗಿಲಿಗೆ, 60 ವರ್ಷ ದಾಟಿದವರಿಗೆ ಪ್ರವೇಶವಿಲ್ಲವೆಂಬ ಚೀಟಿ ಅಂಟಿಸಿದ ಚಿತ್ರ ಹರಡಿ ದೇಶವೆಲ್ಲ ಕೋಲಾಹಲವಾಗಿತ್ತು. ಮಕ್ಕಳನ್ನು ಒಳಗೆ ಬಿಡದ ಅಂಗಡಿಗಳೂ ಅಲ್ಲಿ ಹಲವಾರಿವೆ; ಊಟದ ಮನೆಯೊಂದರ ಅಂಥ ಕಟ್ಟಳೆಯು ತಾರತಮ್ಯವೆಂದು ಅಲ್ಲಿಯ ಮಾನವ ಹಕ್ಕುಗಳ ಆಯೋಗವು 2017ರಲ್ಲಿಯೇ ಹೇಳಿತ್ತು. ಅಜ್ಜ ಅಜ್ಜಿಯರೂ ಬೇಡ, ಮೊಮ್ಮಕ್ಕಳೂ ಬೇಡವೆಂದರೆ ಅಂದವಾದ ಆ ಮೇಜು ಕುರ್ಚಿಗಳಲ್ಲಿ ಯಾರು ಕುಳಿತಿರಬೇಕು?

ನಾವು ಹೋದ ಅಂಗಡಿ ಅಂಥದಾಗಿರಲಿಲ್ಲ. ನಮ್ಮ ಪೇಚಾಟವನ್ನು ಕಂಡ ಕೆಲಸದ ಹುಡುಗಿಯೊಬ್ಬಳು ಒಳಗಿನಿಂದ ಬಂದು, ಎರಡೂ ಕೈಗಳನ್ನು ಮುಂದೆ ಜೋಡಿಸಿ ಬಾಗಿ ವಂದಿಸಿ, ನಮ್ಮ ಪರವಾಗಿ ತಾನೇ ಒತ್ತತೊಡಗಿದಳು. ಅಷ್ಟರಲ್ಲಿ ಮಗಳು ಬಂದಳು. ನಮ್ಮ ನಿಯಮಗಳನ್ನು ಬಿಡಿಸಿ ಹೇಳಿದಳು. ಮೊಟ್ಟೆ ಕೂಡದು. ಪ್ರಾಣಿಗಳ ಮೂಳೆ ತೊಗಲುಗಳಿಂದ ತೆಗೆಯುವ ಜೆಲಾಟಿನ್ ಕೂಡದು. ಮದ್ಯದ ಸೋಂಕೂ ಕೂಡದು. ಈ ಮೂರನ್ನೂ ಬಿಟ್ಟರೆ ಗಾಜಿನ ಕಪಾಟಿನಲ್ಲಿ ಉಳಿದುದು ಅಲ್ಪ. ಕೇಕುಗಳು ಮೊದಲನೆಯದರಲ್ಲಿ ಹೋದವು; ತಿಳಿಗೊಳದಂತೆ ನಡುಗುವ ಚಂದದ ತಿನಿಸುಗಳು ಎರಡನೆಯದರಲ್ಲಿ ಹೋದವು. ಹೂವಿನಾಕಾರದ ಯಾಕ್‌ಗ್ವಾ ಎಂಬ ಪುರಾತನ ತಿಂಡಿ ನಮ್ಮ ಬಾದುಷಾದ ತಮ್ಮನಂತಿತ್ತು. ಗೋದಿಹಿಟ್ಟಿಗೆ ಎಳ್ಳೆಣ್ಣೆ ಉಜ್ಜಿ, ಕರಿದು, ಜೇನಿನಲ್ಲಿ ಅದ್ದಿದುದು. ಜೇನು ಔಷಧಿಗೆ ಸಮವೆಂಬ ಕಾರಣದಿಂದ ಅದರ ಹೆಸರಿನಲ್ಲಿಯೇ ಔಷಧಿಯೆಂಬ ಅರ್ಥವಿದೆ. ಆಸೆಯಿಂದ ಕೈಚಾಚಿದೆವು, ಆದರೆ ಹಿಟ್ಟು ಕಲಸುವಾಗ ಅಕ್ಕಿಯ ಮದ್ಯ ಬೆರೆಸುವುದು ಸಂಪ್ರದಾಯವೆಂದು ಆ ಹುಡುಗಿಯೇ ಒಳಗೆ ಕೇಳಿಬಂದು ಹೇಳಿದಳು. ಮಾರಾಟದ ಆಸೆಗೆ ಮುಚ್ಚಿಡಬಹುದಾಗಿದ್ದ ಮಾತನ್ನು ಮುಚ್ಚಿಡದ ಆ ಮಗುವಿಗೆ ಒಳ್ಳೆಯದಾಗಲಿ.

ಹಿಮದ ಬೋಗುಣಿ

ಉಳಿದವುಗಳಲ್ಲಿ ನಾವು ಆರಿಸಿದ್ದು ಪಾತ್‌ಬಿಂಗ್ಸು. ಹಾಲನ್ನು ಹೆಪ್ಪುಗಟ್ಟಿಸಿ, ಹತ್ತಿಯಂತೆ ಹಗುರಾಗಿ ಹೆರೆದು ಬೋಗುಣಿಯಲ್ಲಿ ಗುಡ್ಡದಂತೆ ಪೇರಿಸಿ, ಮೇಲೆ ಬೇಯಿಸಿ ಸಕ್ಕರೆ ಕೂಡಿಸಿದ ಕೆಂಪು ಕಾಳನ್ನು ಸುರಿದಿರುತ್ತಾರೆ. ಆ ಕಾಳು ನಮ್ಮ ಅಲಸಂದಿ, ಹೆಸರುಗಳ ಬಳಗದ್ದೇ. ಅದರ ಸುತ್ತ ಇಂಜೊಲ್ಮಿಯ ತುಣುಕುಗಳು: ಜಿಗುಟು ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಮರದ ಕೊಡತಿಯಿಂದ ಕುಟ್ಟಿ ಕುಟ್ಟಿ ಹದಮಾಡಿ, ಹುರಿದ ಸೋಯಾ ಕಾಳಿನ ಹಿಟ್ಟಿನಲ್ಲಿ ಹೊರಳಿಸಿದವು. ಆ ಹಿಟ್ಟಿನ ಪರಿಮಳ ಥೇಟು ನಮ್ಮ ಪುಟಾಣಿ ಹಿಟ್ಟಿನದು. ಬೆಲೆ 14,000 ವಾನ್, ನಮ್ಮ ಲೆಕ್ಕದಲ್ಲಿ ಸುಮಾರು 850 ರೂಪಾಯಿ. ಒಂದು ಬೋಗುಣಿ ನಾಲ್ವರಿಗೂ ಸಾಕು. ಎಲ್ಲರೂ ಅದೊಂದರೊಳಗೇ ಚಮಚೆಯಿಟ್ಟು ತಿನ್ನುವುದು ಅಲ್ಲಿಯ ಸಲಿಗೆಯ ಗುರುತು. ನಮಗದು ಎಂಜಲಾದೀತೆಂದು ಮಗಳು ಕೇಳಿದೊಡನೆ ನಾಲ್ಕು ಸಣ್ಣ ತಟ್ಟೆಗಳು ಬಂದವು.

ಈ ಹಿಮಕ್ಕೂ ಹಳೆಯ ಕಥೆಯಿದೆ. ಚೋಸೊನ್ ಅರಸರ ಕಾಲದಲ್ಲಿ ಚಳಿಗಾಲದಲ್ಲಿ ಗಡ್ಡೆಗಟ್ಟಿದ ಹಾನ್ ನದಿಯ ಮಂಜುಗಡ್ಡೆಯನ್ನು ಕೊಯ್ದು, ಪೂರ್ವದ್ದೆಂದೂ ಪಶ್ಚಿಮದ್ದೆಂದೂ ಎರಡು ಉಗ್ರಾಣಗಳಲ್ಲಿ ಬೇಸಿಗೆಯವರೆಗೆ ಕಾಪಿಡುತ್ತಿದ್ದರು. ಆ ಹೆಸರಿನ ಪೇಟೆಗಳು ಸಿಯೋಲಿನಲ್ಲಿ ಇಂದಿಗೂ ಇವೆ. ಗ್ಯೊಂಗ್ಜು ನಗರದಲ್ಲಿ 1738ರಲ್ಲಿ ಕಲ್ಲಿನಿಂದ ಕಟ್ಟಿದ ಅಂಥದೊಂದು ನೆಲಮಾಳಿಗೆಯು ಹುಲ್ಲುದಿಬ್ಬದೊಳಗೆ ಗಟ್ಟಿಯಾಗಿ ನಿಂತಿದೆ. ಬೇಸಿಗೆಯಲ್ಲಿ ಅಧಿಕಾರಿಗಳಿಗೆ ಮರದ ಬಿಲ್ಲೆಗಳನ್ನು ಕೊಟ್ಟು ಮಂಜು ಹಂಚುತ್ತಿದ್ದರು. ಬಡರೋಗಿಗಳ ಆಸ್ಪತ್ರೆಗೂ ಸೆರೆಮನೆಯ ಕೈದಿಗಳಿಗೂ ಅದರಲ್ಲಿ ಪಾಲಿತ್ತೆಂಬ ಸಂಗತಿ ನಮಗೆ ಬಹಳ ಹಿಡಿಸಿತು. ಇಂದು ಹಾಗಿಲ್ಲ, ಸಿಯೋಲಿನ ಒಂದು ಪಂಚತಾರಾ ಹೋಟೆಲಿನಲ್ಲಿ ಮಾವಿನಹಣ್ಣಿನ ಇಂಥದೇ ಬೋಗುಣಿಯ ಬೆಲೆ 2024ರಲ್ಲಿ ಒಂದು ಲಕ್ಷ ವಾನ್ ದಾಟಿತ್ತು.

ಮೊದಲ ತುತ್ತಿಗೆ ಹಲ್ಲು ಜುಮ್ಮೆಂದಿತು. ಎರಡನೆಯದಕ್ಕೆ ಬಿಸಿಲು ಮರೆಯಿತು. ಸಿಹಿಯು ನಮ್ಮ ಪೇಢೆ, ಕುಂದಾಗಳಷ್ಟು ಗಾಢವಲ್ಲ; ನಾಲಿಗೆಗೆ ತಾಗಿ ಹಿಂದೆ ಸರಿಯುವಂಥದು. ಜೊತೆಗೆ ಶಿಕ್ಹೆ ಎಂಬ ಪಾನಕ ತರಿಸಿದೆವು. ಬಾರ್ಲಿಯ ಮೊಳಕೆಯ ನೀರಿನಲ್ಲಿ ಅನ್ನವನ್ನು ಹಾಕಿ, ಹಲವು ಗಂಟೆ ಹದವಾದ ಬಿಸಿಯಲ್ಲಿಟ್ಟರೆ ಅನ್ನವೇ ಸಿಹಿಯಾಗುತ್ತದೆ. ಬಳಿಕ ಕುದಿಸಿ ತಣಿಸುತ್ತಾರಾದ್ದರಿಂದ ಅದರಲ್ಲಿ ಅಮಲಿಲ್ಲ. ಮೊಮ್ಮಗಳು ಎಲ್ಲವನ್ನೂ ರುಚಿ ನೋಡಿದಳು. ಆದರೆ ಅವಳ ಕಣ್ಣು ಮಾತ್ರ ಗಾಜಿನ ಕಪಾಟಿನ ಕೇಕುಗಳ ಮೇಲೆಯೇ ಇತ್ತು. ನಮ್ಮ ಮನೆಯವರು ಅದನ್ನು ನೋಡುತ್ತಿದ್ದರು.

ಎಸರು ಹಾಕಿ ನಾದಿದ ಹಿಟ್ಟು

ಅಂಗಡಿಯ ಹಿಂಬದಿಯಲ್ಲಿ ಗಾಜಿನ ಗೋಡೆಯಾಚೆ ಅಡುಗೆಮನೆ. ಅಲ್ಲಿ ನಮ್ಮದೇ ವಯಸ್ಸಿನ ಒಬ್ಬ ತಾಯಿ ಕೆಲಸದಲ್ಲಿ ತೊಡಗಿದ್ದರು. ನಮ್ಮ ಮನೆಯವರು ತಟ್ಟನೆ ಎದ್ದು ಆ ಗಾಜಿನ ಹತ್ತಿರ ಹೋಗಿ ನಿಂತರು. ಕೈಸನ್ನೆಯಿಂದ ನಮ್ಮನ್ನೂ ಕರೆದು, "ನೋಡ್ರಿ, ಎಸರು ಹಾಕಿ ನಾದ್ಲಿಕ್ಕೆ ಹತ್ಯಾರ" ಎಂದರು.

ನಿಜವೇ. ಕಂದುಗೆಂಪು ಹಿಟ್ಟಿನ ನಡುವೆ ಗುಂಡಿ ಮಾಡಿ, ಕುದಿನೀರನ್ನು ಹೊಯ್ದು, ಬೆರಳು ಸುಡುವುದನ್ನೂ ಲೆಕ್ಕಿಸದೆ ಆ ತಾಯಿ ಹಿಟ್ಟನ್ನು ಬರಸೆಳೆದು ನಾದುತ್ತಿದ್ದರು. ಗೋದಿಯಂತೆ ಅಂಟಿಲ್ಲದ ಹಿಟ್ಟು ತಣ್ಣೀರಿನಲ್ಲಿ ಬಿರಿಯುತ್ತದೆ. ಕುದಿನೀರು ಬಿದ್ದರೆ ಮಾತ್ರ ಮಾತು ಕೇಳುತ್ತದೆ. ರೊಟ್ಟಿ ಬಡಿಯುವ ಯಾವ ಮನೆಯ ಹೆಣ್ಣುಮಗಳಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಮಗಳು ವಿಚಾರಿಸಲು, ಅದು ಸುಸು ಎಂಬ ಧಾನ್ಯವೆಂದು ಉತ್ತರ ಬಂದಿತು. ಸುಸು ಎಂದರೆ ಜೋಳ! ನಮ್ಮ ಬಿಳಿಜೋಳದಂಥದಲ್ಲ, ಕೆಂಪು ಸಿಪ್ಪೆಯ, ಬೆಂದರೆ ಜಿಗುಟಾಗುವ ತಳಿ. ಒಗರು ಹೋಗಲೆಂದು ನೆನೆಹಾಕಿ, ಕೆಂಪು ನೀರನ್ನು ಮತ್ತೆ ಮತ್ತೆ ಚೆಲ್ಲಿ, ಆಮೇಲೆ ಹಿಟ್ಟು ಮಾಡಬೇಕು.

ಗಾಜಿನ ಬಾಗಿಲು ತೆರೆಯಿತು. ಆ ತಾಯಿಯು ಅಂಗಡಿಯ ಒಡತಿಯ ತಾಯಿಯೆಂದು ತಿಳಿಯಿತು. ಅವರು ನಾದಿದ ಹಿಟ್ಟಿನಿಂದ ಸಣ್ಣ ಉಂಡೆಗಳನ್ನು ಕಟ್ಟಿ, ಕುದಿಯುವ ನೀರಿಗೆ ಬಿಟ್ಟರು. ಉಂಡೆಗಳು ಬೆಂದು ಮೇಲಕ್ಕೆ ತೇಲಿದ ಮೇಲೆ ತಣ್ಣೀರಿಗೆ ಹಾಕಿ ತೆಗೆದು, ಕೆಂಪುಕಾಳಿನ ಪುಡಿಯಲ್ಲಿ ಹೊರಳಿಸಿದರು. ಮಗುವಿನ ಮೊದಲ ಹುಟ್ಟುಹಬ್ಬದಿಂದ ಹತ್ತು ವರ್ಷದವರೆಗೆ ಪ್ರತಿ ವರ್ಷವೂ ಇದನ್ನು ಮಾಡಿ ತಿನ್ನಿಸಿದರೆ ಕೆಡುಕು ಹತ್ತಿರ ಸುಳಿಯದೆಂದು ಅವರ ಹಿರಿಯರ ನಂಬಿಕೆ. ಕೆಂಪು ಬಣ್ಣಕ್ಕೆ ದೃಷ್ಟಿ ತೆಗೆಯುವ ಶಕ್ತಿಯಿದೆಯಂತೆ. ಅಂಥ ನಂಬಿಕೆಗಳಿಗೆ ನಾವು ಜೋತುಬೀಳುವವರಲ್ಲ. ಆದರೂ ಮಗುವಿನ ಹುಟ್ಟುಹಬ್ಬಕ್ಕೆ ಜೋಳದ ಸಿಹಿ ಮಾಡುವ ಇನ್ನೊಂದು ನಾಡಿದೆಯೆಂಬುದು ಮನಸ್ಸಿಗೆ ತಂಪೆರೆಯಿತು.

ನಮ್ಮ ಮನೆಯವರು ಸೆರಗು ಸಿಕ್ಕಿಸಿ, ಕೈತೊಳೆದು, ಕೇಳದೆಯೇ ಒಂದು ಮುಷ್ಟಿ ಹಿಟ್ಟನ್ನು ತೆಗೆದುಕೊಂಡು ನಾದಿ, ಅಂಗೈಯಲ್ಲಿ ತಟ್ಟಿ ತೋರಿಸಿದರು. ಆ ತಾಯಿ ಜೋರಾಗಿ ನಕ್ಕು ಏನೋ ಹೇಳಿದರು. "ಇವರ ಕೈ ಬಿಸಿಗೆ ಹೆದರೂದಿಲ್ಲ ಅಂತಾರವ್ವ" ಎಂದು ಮಗಳು ಅರ್ಥ ಹೇಳುವಾಗ ಅವಳ ದನಿ ನಡುಗಿತು. ಮೂರು ದಿನಗಳಿಂದ ತಾಯಿಮಗಳು ಮುಖ ಕೊಟ್ಟು ಮಾತಾಡಿರಲಿಲ್ಲ.

ಮೊಮ್ಮಗಳ ಹುಟ್ಟುಹಬ್ಬದ ಮಾತು ಬಂದಾಗ ಆ ತಾಯಿಯೇ ದಾರಿ ತೋರಿಸಿದರು. ಬೆಕ್‌ಸೊಲ್ಗಿ ಎಂಬ ಬಿಳಿಯ ಅಕ್ಕಿಯ ಸಿಹಿಕಡುಬು ಅವರಲ್ಲಿದೆ. ಅಕ್ಕಿಹಿಟ್ಟನ್ನು ಜರಡಿ ಹಿಡಿದು, ಉಪ್ಪು ಸಕ್ಕರೆ ಬೆರೆಸಿ, ಹಬೆಯಲ್ಲಿ ಬೇಯಿಸಿದುದು. ಮೊಟ್ಟೆಯಿಲ್ಲ, ಜೆಲಾಟಿನ್ ಇಲ್ಲ. ಹಸುಗೂಸಿಗೆ ನೂರು ದಿನ ತುಂಬಿದಾಗ ಇದನ್ನು ಮಾಡಿ ನೂರು ಮನೆಗೆ ಹಂಚಿದರೆ ಮಗು ದೀರ್ಘಾಯುವಾಗುತ್ತದೆಂಬುದು ಅಲ್ಲಿಯ ಹಳೆಯ ಮಾತು. ಈಚೆಗೆ ಅದನ್ನೇ ದುಂಡಗೆ ಬೇಯಿಸಿ, ಮೇಲೆ ಹೂವು ಜೋಡಿಸಿ, ಕೇಕಿನ ಹಾಗೆ ಮೇಣದ ಬತ್ತಿ ನಿಲ್ಲಿಸುತ್ತಾರೆ. ಮಗು ಚಿತ್ರವನ್ನು ನೋಡಿ, ಹೂವು ಹಳದಿಯಿರಬೇಕೆಂದು ಷರತ್ತು ಹಾಕಿ ಒಪ್ಪಿಕೊಂಡಿತು. ಹೊರಡುವಾಗ ಆರು ಜೋಳದ ಉಂಡೆಗಳನ್ನು ಕಟ್ಟಿಕೊಟ್ಟ ಆ ತಾಯಿ ಹಣ ಮುಟ್ಟಲಿಲ್ಲ, "ಸೊಬಿಸ" ಎಂದರು. ಇಂಗ್ಲಿಷಿನ ಸರ್ವೀಸ್ ಎಂಬ ಮಾತೇ ಅಲ್ಲಿ ಹೀಗೆ ಬದಲಾಗಿ, ಪ್ರೀತಿಗೆ ಕೊಟ್ಟದ್ದು ಎಂಬ ಅರ್ಥ ಪಡೆದಿದೆ.

ಮುನ್ನೂರು ಹೆಜ್ಜೆಯಾಚೆ

ಇಷ್ಟೇ ಬರೆದು ನಿಲ್ಲಿಸಿದರೆ ಸತ್ಯದ ಅರ್ಧವನ್ನು ಮಾತ್ರ ಹೇಳಿದಂತಾದೀತು. ಈ ಓಣಿಗಳಲ್ಲಿ ಮೊದಲು ಕಡಿಮೆ ಬಾಡಿಗೆಗೆ ಇದ್ದವರಲ್ಲಿ ವೃದ್ಧರೂ ಬಡವರೂ ಬಹಳ. ಅಂಗಡಿಗಳು ಬಂದಂತೆ ಬಾಡಿಗೆ ಏರಿತು. ಅವರು ಮೂಟೆ ಕಟ್ಟಿದರು. ಉಳಿಸಿಕೊಂಡ ತೊಲೆ, ಹೆಂಚುಗಳ ಕೆಳಗೆ ಈಗ ಅವರಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ತಾಪ್‌ಗೊಲ್ ಉದ್ಯಾನವಿದೆ. 1467ರಲ್ಲಿ ಪೂರ್ತಿಯಾದ ಹತ್ತು ನೆಲೆಗಳ ಅಮೃತಶಿಲೆಯ ಗೋಪುರ ಅಲ್ಲಿದೆ. 1919ರ ಮಾರ್ಚ್ 1ರಂದು ಕೊರಿಯಾದ ಸ್ವಾತಂತ್ರ್ಯದ ಘೋಷಣೆಯನ್ನು ಜನಸಮೂಹದ ಮುಂದೆ ಓದಿದ್ದೂ ಅಲ್ಲಿಯೇ. ಅದರ ಬಳಿಯಲ್ಲಿ ಉಚಿತ ಊಟಕ್ಕೆ ನಿಂತ ಮುದುಕರ ಸಾಲನ್ನು ನಾವು ಕಂಡೆವು. ಇಸ್ತ್ರಿ ಮಾಡಿದ ಅಂಗಿ, ಹೊಳಪಿನ ಬೂಟು, ತಲೆಗೆ ಟೊಪ್ಪಿಗೆ. ಕೈಯಲ್ಲಿ ಮಾತ್ರ ಸರದಿಯ ಚೀಟಿ. ಶ್ರೀಮಂತ ರಾಷ್ಟ್ರಗಳ ಒಕ್ಕೂಟದಲ್ಲಿ ವೃದ್ಧರ ಬಡತನ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಕೊರಿಯಾ ಮುಂದಿದೆ. ಅಲ್ಲಿಯ ಹಿರಿಯರಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಬಡವರೆಂದು ಒಕ್ಕೂಟದ ಲೆಕ್ಕ ಹೇಳುತ್ತದೆ. ನಾವು ಮರಳಿದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ, 65 ದಾಟಿದವರು ಆ ದೇಶದ ಜನಸಂಖ್ಯೆಯಲ್ಲಿ ಶೇಕಡಾ 20ನ್ನು ಮೀರಿದರು. ದೇಶವನ್ನು ಕಟ್ಟಿದ ಕೈಗಳವು. ಅನ್ನ ನೀಡುವವರು ತಲೆಬಾಗಿ, ಎರಡು ಕೈಗಳಿಂದ ತಟ್ಟೆ ಕೊಡುತ್ತಿದ್ದುದನ್ನು ನೋಡಿ ನಮ್ಮ ಮಠಗಳ ದಾಸೋಹದ ಪಂಕ್ತಿ ನೆನಪಾಯಿತು. ನಮ್ಮ ಮನೆಯವರು ಕೈಯಲ್ಲಿದ್ದ ಉಂಡೆಗಳ ಪೊಟ್ಟಣವನ್ನು ನೋಡಿದರು, ಸಾಲನ್ನು ನೋಡಿದರು. ಆರು ಉಂಡೆ, ನೂರು ಜನ. ನಾವು ಏನನ್ನೂ ಆಡದೆ ನಿಲ್ದಾಣದ ಕಡೆಗೆ ನಡೆದೆವು.

ಹಳದಿ ಹೂವು

ಹುಟ್ಟುಹಬ್ಬ ಮನೆಯಲ್ಲಿಯೇ ಆಯಿತು. ಬಿಳಿಯ ಬೆಕ್‌ಸೊಲ್ಗಿಯ ಮೇಲೆ ಹಳದಿ ಹೂವು ಬಂದಿತ್ತು. ನಮ್ಮ ಮನೆಯವರು ಬೆಳಿಗ್ಗೆಯೇ ಎದ್ದು ಪೂಜೆ ಮುಗಿಸಿ, ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಜೋಳದ ಉಂಡೆ ಮಾಡಿದರು, ಒಂದೆರಡು ಒಡೆದವು. ಮಗುವಿನ ಗೆಳತಿಯರು ಕೇಕು ಎಲ್ಲಿ ಎಂದು ಕೇಳದಿರಲಿಲ್ಲ. "ಇದು ನಮ್ಮ ಮನೆಯ ಕೇಕು" ಎಂದು ಮಗು ಕೊರಿಯನ್ ಭಾಷೆಯಲ್ಲಿ ಹೇಳಿತಂತೆ. ಮುಂದಿನ ಸಲ ಗೆಳತಿಯ ಮನೆಯಲ್ಲಿ ಅದು ಏನು ತಿಂದೀತೋ ನಾವು ಬಲ್ಲೆವೇ? ರಾತ್ರಿ ಅವರು ಮಗಳಿಗೆ ಹೇಳಿದ್ದು ಇಷ್ಟು: "ಕೂಸಿಗೆ ಬ್ಯಾಡ ಅನ್ನೂದಷ್ಟs ಕಲಿಸಿದ್ರ ಅದು ಬ್ಯಾಸರಾಗತದ. ಬೇಕು ಅನ್ನುವಂಥಾದ್ದನ್ನೂ ಮಾಡಿ ಕೊಡಬೇಕವ್ವ. ಅದನ್ನ ನಾನೂ ಮರೆತಿದ್ದೆ." ಮಗಳು ತಾಯಿಯ ಕೈ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದಳು.

ಮಿಕ್ಕ ಬೆಕ್‌ಸೊಲ್ಗಿಯನ್ನು ತುಂಡು ಮಾಡಿ, ನೆರೆಯ ಎಂಟು ಮನೆಗಳಿಗೆ ಮೊಮ್ಮಗಳ ಕೈಯಿಂದಲೇ ಕಳುಹಿಸಿದೆವು. ಎರಡು ವರ್ಷಗಳಿಂದ ಎದುರು ಮನೆಯಲ್ಲಿದ್ದೂ ತಲೆಬಾಗಿಸಿ ವಂದಿಸುವುದಕ್ಕಿಂತ ಹೆಚ್ಚಿಗೆ ಮಾತಾಡಿರದ ಅಜ್ಜಿಯೊಬ್ಬರು ಮರುದಿನ ತಟ್ಟೆ ಹಿಂದಿರುಗಿಸಲು ಬಂದರು. ಕೊಟ್ಟ ತಟ್ಟೆಯನ್ನು ಬರಿದಾಗಿ ಮರಳಿಸಬಾರದೆಂಬುದು ಅಲ್ಲಿಯೂ ಉಂಟು. ತಟ್ಟೆಯ ತುಂಬ ಪೀಚ್ ಹಣ್ಣುಗಳಿದ್ದವು.

ಆ ಕಡೆಗೆ ಹೋಗುವ ಬಂಧುಗಳ ಉಪಯೋಗಕ್ಕಾಗಿ ಒಂದೆರಡು ಮಾತು. ಶಾಕಾಹಾರಕ್ಕೆ ಅಲ್ಲಿ "ಚೆಶಿಕ್" ಎನ್ನುತ್ತಾರೆ; ಮೊಟ್ಟೆಗೆ "ಗ್ಯೆರಾನ್", ಮಾಂಸಕ್ಕೆ "ಗೋಗಿ", ಮೀನಿಗೆ "ಸೆಂಗ್‌ಸೊನ್", ಬೇಡ, ತೆಗೆದುಕೊಡಿ ಎನ್ನಲು "ಪ್ಪೆ ಜುಸೇಯೊ". ಶಾಕಾಹಾರಿ ಎಂದಷ್ಟೇ ಹೇಳಿದರೆ ಸಾಲದು; ಒಂದೊಂದನ್ನೂ ಬಿಡಿಸಿ ಕೇಳಬೇಕು. ಅಕ್ಕಿಯ ತಿನಿಸುಗಳು, ಶಿಕ್ಹೆ, ಕೆಂಪುಕಾಳಿನ ಹಿಮ ಇವು ಬಹುಮಟ್ಟಿಗೆ ನಮಗೆ ಸಲ್ಲುತ್ತವೆ. ಹಿಮದ ಮೇಲೆ ಬಣ್ಣದ ಜೆಲ್ಲಿ ತುಣುಕುಗಳಿದ್ದರೆ ಮೊದಲೇ ಬೇಡವೆನ್ನಿರಿ. ಯಂತ್ರದ ಮುಂದೆ ತಡವಾದರೆ ನಾಚಬೇಡಿರಿ. ಕೈಯೆತ್ತಿ ಕರೆದರೆ ಯಾರಾದರೂ ಬಂದೇ ಬರುತ್ತಾರೆ.

ಧಾರವಾಡಕ್ಕೆ ಮರಳಿದ ಮೇಲೆ ನಮ್ಮ ಮನೆಯವರು ಬಿಳಿಜೋಳದ ಹಿಟ್ಟಿನಿಂದ ಆ ಉಂಡೆಗಳನ್ನು ಎರಡು ಸಲ ಮಾಡಿ ನೋಡಿದರು. ಜಿಗುಟು ಬಾರದೆ ಪುಡಿಯಾದವು. ಮೂರನೆಯ ಸಲ ಸ್ವಲ್ಪ ಅಕ್ಕಿಹಿಟ್ಟು ಬೆರೆಸಿ, ಬೇಯಿಸಿದ ಅಲಸಂದಿಯ ಪುಡಿಯಲ್ಲಿ ಬೆಲ್ಲ ಕೂಡಿಸಿ ಹೊರಳಿಸಿದರು. ಓಣಿಯ ಮಕ್ಕಳು ತಟ್ಟೆ ಖಾಲಿ ಮಾಡಿ, ಇದರ ಹೆಸರೇನೆಂದು ಕೇಳಿದವು. ಅವರು ಇನ್ನೂ ಹೆಸರಿಟ್ಟಿಲ್ಲ.